ಕಿವಿಯ ದಾರಿಯಲ್ಲಿ ಬಂದ ಪುಸ್ತಕ

1877ನೆಯ ಇಸವಿಯಲ್ಲಿ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಪರಸ್ಪರ ಸಂಬಂಧವಿಲ್ಲದ ಎರಡು ಘಟನೆಗಳು ನಡೆದುವು. ಸ್ಟ್ರಾಸ್‌ಬರ್ಗ್ ನಗರದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಅಡಾಲ್ಫ್ ಕುಸ್‌ಮಾಲ್ ಎಂಬ ವಿದ್ವಾಂಸನು, ವಾಗ್ವಿಕಾರಗಳನ್ನು ಕುರಿತು ಆ ವರ್ಷ ಪ್ರಕಟಿಸಿದ ಗ್ರಂಥದಲ್ಲಿ, ದೃಷ್ಟಿಯೂ ಬುದ್ಧಿಯೂ ಮಾತಿನ ಶಕ್ತಿಯೂ ಕುಂದದೆ ಇದ್ದು ಬರೆಹದ ಪದಗಳನ್ನು ಗ್ರಹಿಸುವ ಸಾಮರ್ಥ್ಯವೊಂದೇ ಲೋಪವಾಗುವ ಸ್ಥಿತಿಯನ್ನು ವಿವರಿಸಿ, ಅದನ್ನು ಪದಾಂಧತೆ ಎಂದು ಕರೆದನು. ಅದೇ ವರ್ಷದ ಕೊನೆಗೆ ಅಮೆರಿಕದ ಮೆನ್ಲೋ ಪಾರ್ಕಿನಲ್ಲಿ ಥಾಮಸ್ ಆಲ್ವ ಎಡಿಸನ್ನನು ಮನುಷ್ಯನ ಧ್ವನಿಯನ್ನು ತವರದ ತೆಳುಹಾಳೆಯ ಮೇಲೆ ಕೊರೆದು ಮತ್ತೆ ನುಡಿಸಬಲ್ಲ ಫೋನೋಗ್ರಾಫ್ ಯಂತ್ರವನ್ನು ಸಿದ್ಧಪಡಿಸಿದನು. ಮರುವರ್ಷ ಅದರ ಉಪಯೋಗಗಳನ್ನು ಪಟ್ಟಿಮಾಡಿ ಬರೆದಾಗ, ಅಂಧರಿಗೆ ತಾವಾಗಿ ಓದಿ ಹೇಳುವ ಪುಸ್ತಕಗಳನ್ನೂ ಅವುಗಳ ಜೊತೆಯಲ್ಲಿ ಎಣಿಸಿದನು. ಹೀಗೆ ಕೊರತೆಗೊಂದು ಹೆಸರೂ ಆ ಕೊರತೆಯನ್ನು ದಾಟಿಸಬಲ್ಲ ಸಾಧನವೂ ಒಂದೇ ವರ್ಷದಲ್ಲಿ ಹುಟ್ಟಿದರೂ, ಅವೆರಡೂ ಶಾಲೆಯ ಒಂದು ಕೊಠಡಿಯಲ್ಲಿ ಸಂಧಿಸಲು ಸುಮಾರು ನೂರು ವರ್ಷಗಳು ಹಿಡಿದುವು. ಈ ವಿಳಂಬದ ಹೊಣೆಯನ್ನು ಯಂತ್ರಶಿಲ್ಪಿಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಸಾಧನವು ಬಹುಕಾಲ ಸಿದ್ಧವಾಗಿಯೇ ಇದ್ದಿತು. ಅದನ್ನು ಕೈನೀಡಿ ಪಡೆಯಬೇಕಾಗಿದ್ದ ಮಗುವಿನ ಅಸ್ತಿತ್ವವನ್ನೇ ಶಾಲೆಗಳು ಒಪ್ಪಿರಲಿಲ್ಲ.

ಕುಸ್‌ಮಾಲನೂ, 1887ರಲ್ಲಿ ಇಂಥದೇ ಸ್ಥಿತಿಗೆ ಡಿಸ್ಲೆಕ್ಸಿಯಾ ಎಂಬ ಹೆಸರನ್ನು ಕೊಟ್ಟ ಸ್ಟುಟ್‌ಗಾರ್ಟಿನ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ನನೂ ನೋಡಿದ್ದುದು ಮೆದುಳಿಗೆ ಆಘಾತವಾದ ವಯಸ್ಕರನ್ನು. ಯಾವ ಆಘಾತವೂ ಇಲ್ಲದೆ ಹುಟ್ಟಿನಿಂದಲೇ ಈ ತೊಡಕನ್ನು ಹೊತ್ತುಬಂದ ಬಾಲಕನೊಬ್ಬನು ವೈದ್ಯಸಾಹಿತ್ಯದಲ್ಲಿ ಕಾಣಿಸಿಕೊಂಡದ್ದು 1896ರ ನವೆಂಬರ್ 7ರಂದು, ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯ ಒಂದು ಕಿರುಲೇಖನದಲ್ಲಿ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಸೀಫರ್ಡ್ ಎಂಬ ಕಡಲತೀರದ ಊರಿನ ವೈದ್ಯ ಡಬ್ಲ್ಯು. ಪ್ರಿಂಗಲ್ ಮಾರ್ಗನ್ ಅದರ ಲೇಖಕ. ಬಾಲಕನ ಹೆಸರು ಪರ್ಸಿ, ವಯಸ್ಸು 14. ಏಳನೆಯ ವಯಸ್ಸಿನಿಂದ ಶಾಲೆಯಲ್ಲಿಯೂ ಮನೆಪಾಠದಲ್ಲಿಯೂ ನಿರಂತರವಾಗಿ ಕಲಿಸಿದ್ದರೂ ಚಿಕ್ಕ ಮಕ್ಕಳ ಪುಸ್ತಕದ ಒಂದು ವಾಕ್ಯದಲ್ಲಿ ಅತಿ ಕಿರಿದಾದ ಕೆಲವು ಪದಗಳ ಹೊರತು ಇನ್ನೇನನ್ನೂ ಅವನು ಓದಲಾರದವನಾಗಿದ್ದನು. ತನ್ನ ಹೆಸರನ್ನು ಬರೆಯುವಾಗಲೂ ಅಕ್ಷರಗಳನ್ನು ಹಿಂದುಮುಂದಾಗಿಸಿ, ತಪ್ಪಾಗಿದೆಯೆಂದು ಒಂದಕ್ಕಿಂತ ಹೆಚ್ಚು ಬಾರಿ ತೋರಿಸಿಕೊಡುವ ವರೆಗೂ ಅದನ್ನು ಅರಿಯದೆ ಹೋದನು. ಆದರೆ 749ನ್ನು 867ರಿಂದ ಗುಣಿಸೆಂದಾಗ ತಡವರಿಸದೆ ಸರಿಯಾದ ಉತ್ತರವನ್ನು ಕೊಟ್ಟನು. ಅಂಕಿಗಳು ಅವನೊಡನೆ ಮಾತನಾಡುತ್ತಿದ್ದುವು, ಅಕ್ಷರಗಳು ಮೂಕವಾಗಿದ್ದುವು. ಅವನಿಗೆ ಕೆಲವು ವರ್ಷ ಪಾಠ ಹೇಳಿದ್ದ ಉಪಾಧ್ಯಾಯನೊಬ್ಬನು, ಬೋಧನೆಯೆಲ್ಲವೂ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಈ ಹುಡುಗನೇ ಶಾಲೆಯ ಅತ್ಯಂತ ಚುರುಕಾದ ವಿದ್ಯಾರ್ಥಿಯಾಗುತ್ತಾನೆಂದು ಹೇಳಿದ್ದುದನ್ನು ಮಾರ್ಗನ್ನನು ಲೇಖನದಲ್ಲಿ ದಾಖಲಿಸಿದ್ದಾನೆ. ಹೆಸರು ಉಳಿಯದ ಆ ಉಪಾಧ್ಯಾಯನನ್ನು ನಾನು ಈ ಚರಿತ್ರೆಯ ಆದಿಪುರುಷನೆಂದು ಗೌರವಿಸುತ್ತೇನೆ. ಮುಂದೆ ಬಂದ ಧ್ವನಿಮುದ್ರಿತ ಪುಸ್ತಕಗಳೂ ಓದುವ ಯಂತ್ರಗಳೂ ಅವನು ಬಯಸಿದ ಆ ಒಂದು ಷರತ್ತನ್ನು ಪೂರೈಸಿಕೊಡುವ ಪ್ರಯತ್ನಗಳಲ್ಲದೆ ಬೇರೆಯಲ್ಲ.

ಅವನ ಮಾತು ಹಾಗೆಯೇ ಉಳಿಯಿತು. ಗ್ಲಾಸ್ಗೋ ನಗರದ ನೇತ್ರಚಿಕಿತ್ಸಕ ಜೇಮ್ಸ್ ಹಿನ್ಷಲ್‌ವುಡ್ ಇಂಥ ಮಕ್ಕಳನ್ನು ಅನೇಕ ವರ್ಷ ಪರೀಕ್ಷಿಸಿ, ಅವರಿಗೆ ಪ್ರತ್ಯೇಕವಾಗಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು, ದಿನವೂ ಸ್ವಲ್ಪಸ್ವಲ್ಪವಾಗಿ ಕಲಿಸಬೇಕೆಂದು ಹೇಳಿ, 1917ರಲ್ಲಿ ಜನ್ಮಜಾತ ಪದಾಂಧತೆಯ ಮೇಲೆ ಗ್ರಂಥವನ್ನೇ ಬರೆದನು. ಅಮೆರಿಕದ ಅಯೋವಾ ರಾಜ್ಯದಲ್ಲಿ ಸ್ಯಾಮ್ಯುಅಲ್ ಆರ್ಟನ್ ಎಂಬ ನರವಿಜ್ಞಾನಿ 1925ರಲ್ಲಿ ಹಳ್ಳಿಯ ಶಾಲೆಗಳ ಮಕ್ಕಳನ್ನು ಕಂಡು, ಬುದ್ಧಿಮಾಂದ್ಯರೆಂದು ಬಗೆಯಲ್ಪಟ್ಟವರಲ್ಲಿ ಅನೇಕರ ಬುದ್ಧಿಗೆ ಯಾವ ಮಾಂದ್ಯವೂ ಇಲ್ಲವೆಂಬುದನ್ನು ಮನಗಂಡನು. ಅವನ ಸಹಚರಿಯರಾದ ಅನ್ನಾ ಗಿಲಿಂಗ್‌ಹ್ಯಾಮ್ ಮತ್ತು ಬೆಸ್ಸಿ ಸ್ಟಿಲ್‌ಮನ್ ಎಂಬ ಅಧ್ಯಾಪಿಕೆಯರು ಒಂದೊಂದು ಧ್ವನಿಯನ್ನೂ ಕಣ್ಣು, ಕಿವಿ, ಕೈಗಳ ಮೂಲಕ ಏಕಕಾಲದಲ್ಲಿ ಗ್ರಹಿಸುವ ಪಾಠಕ್ರಮವನ್ನು ರಚಿಸಿದರು. ಲಾಸ್ ಏಂಜಲೀಸಿನಲ್ಲಿ ಗ್ರೇಸ್ ಫರ್ನಾಲ್ಡ್ ಎಂಬಾಕೆ ಕಾಗದದ ಮೇಲೆ ಬಣ್ಣದ ಬಳಪದಿಂದ ದಪ್ಪಗೆ ಬರೆದ ಪದವನ್ನು ಮಗು ಬೆರಳಿನಿಂದ ತಿದ್ದುತ್ತ, ತಿದ್ದಿದಂತೆಲ್ಲ ಗಟ್ಟಿಯಾಗಿ ಉಚ್ಚರಿಸುವ ವಿಧಾನವನ್ನು ಆಚರಣೆಗೆ ತಂದಳು. ನಮ್ಮ ಹಳೆಯ ಕೂಲಿಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದವರ ವಂಶಜರಿಗೆ ಇದರಲ್ಲಿ ಹೊಸತೇನೂ ತೋರದಿರಬಹುದು. ಆದರೆ ಮೌನವಾಚನವೇ ಆದರ್ಶವೆಂದು ಬಗೆಯತೊಡಗಿದ್ದ ಶಾಲೆಗಳಿಗೆ ಅದು ವಿಲಕ್ಷಣವಾಗಿ ಕಂಡಿತು. ಇವರೆಲ್ಲರ ಸಾಧನೆಯನ್ನು ಎಷ್ಟು ಕೊಂಡಾಡಿದರೂ ಕಡಮೆಯೇ. ಆದರೂ ಮಗು ಓದನ್ನು ಕಲಿಯುತ್ತಿರುವ ಆ ನಾಲ್ಕಾರು ವರ್ಷಗಳಲ್ಲಿ ಚರಿತ್ರೆ, ವಿಜ್ಞಾನ, ಕಾವ್ಯಗಳು ಅದರ ಪಾಲಿಗೆ ಇಲ್ಲವಾಗುವುದನ್ನು ತಡೆಯುವ ಉಪಾಯವು ಅವರ ಬಳಿ ಇರಲಿಲ್ಲ. ತರಗತಿಯು ಮುಂದೆ ಹೋಗುತ್ತಿದ್ದಿತು. ಮಗು ಅಕ್ಷರದಲ್ಲಿಯೇ ನಿಂತಿರುತ್ತಿದ್ದಿತು.

ಉಪಾಯವು ಬಂದುದು ಯುದ್ಧಭೂಮಿಯಿಂದ. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಬ್ರಿಟಿಷ್ ಸೈನಿಕರಿಗೆ ಆಶ್ರಯವಾಗಿದ್ದ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆಯ ಅಧ್ಯಕ್ಷ ಇಯಾನ್ ಫ್ರೇಸರ್ ಸ್ವತಃ 1916ರಲ್ಲಿ ಸೊಮ್ ಕದನದಲ್ಲಿ ದೃಷ್ಟಿ ಕಳೆದುಕೊಂಡವನು. ಪ್ರಾಯ ಕಳೆದ ಮೇಲೆ ಬೆರಳುಗಳಿಗೆ ಬ್ರೈಲ್ ಲಿಪಿಯನ್ನು ಕಲಿಸುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವನು. ಅವನ ಪ್ರಯತ್ನದಿಂದ 1935ರಲ್ಲಿ ಬ್ರಿಟನ್ನಿನ ಮೊದಲ ಮಾತನಾಡುವ ಪುಸ್ತಕಗಳು, ಅಗಾಥಾ ಕ್ರಿಸ್ಟಿಯ ಒಂದು ಪತ್ತೇದಾರಿ ಕಾದಂಬರಿಯೂ ಜೋಸೆಫ್ ಕಾನ್ರಾಡನ ಒಂದು ಸಮುದ್ರಕಥೆಯೂ, ನಿಧಾನವಾಗಿ ತಿರುಗುವ ಗ್ರಾಮಫೋನ್ ತಟ್ಟೆಗಳಲ್ಲಿ ಹೊರಬಂದುವು. ಅಮೆರಿಕದಲ್ಲಿ ಇದಕ್ಕೆ ಒಂದು ವರ್ಷ ಮೊದಲೇ ಇಂಥ ತಟ್ಟೆಗಳು ಬಂದಿದ್ದುವು. ಅಲ್ಲಿಯ ಗ್ರಂಥಕರ್ತರೂ ಪ್ರಕಾಶಕರೂ ಇವುಗಳಿಗೆ ಅನುಮತಿ ಕೊಟ್ಟುದು ಅಂಧರ ಉಪಯೋಗಕ್ಕೆ ಮಾತ್ರವೆಂಬ ಕಟ್ಟುನಿಟ್ಟಿನ ನಿಬಂಧನೆಯ ಮೇಲೆ. ಮಾರುಕಟ್ಟೆಗೆ ಹಾನಿಯಾದೀತೆಂಬ ಅವರ ಭಯವು ಅಸಹಜವೇನಲ್ಲ. ಆದರೆ ಆ ನಿಬಂಧನೆಯ ಫಲವಾಗಿ, ಕಣ್ಣಿದ್ದೂ ಅಕ್ಷರವನ್ನು ಕಾಣಲಾರದ ಬಾಲಕನು ಮುಂದಿನ ಮೂರು ದಶಕಗಳ ಕಾಲ ಈ ಪುಸ್ತಕಭಂಡಾರದ ಹೊಸ್ತಿಲಾಚೆಯೇ ನಿಲ್ಲಬೇಕಾಯಿತು.

ಎರಡನೆಯ ಮಹಾಯುದ್ಧವು ಮುಗಿಯುವ ಮುನ್ನವೇ ಅಮೆರಿಕದ ಸರ್ಕಾರವು ಮರಳಿಬರುವ ಸೈನಿಕರಿಗೆಲ್ಲ ಕಾಲೇಜು ಶಿಕ್ಷಣದ ವೆಚ್ಚವನ್ನು ಭರಿಸುವುದಾಗಿ ವಚನ ಕೊಟ್ಟಿತು. ದೃಷ್ಟಿ ಕಳೆದುಕೊಂಡ ಸೈನಿಕರಿಗೂ ಆ ವಚನವು ಅನ್ವಯಿಸುತ್ತಿದ್ದಿತಾದರೂ, ಅರ್ಥಶಾಸ್ತ್ರದ ಅಥವಾ ನ್ಯಾಯಶಾಸ್ತ್ರದ ಪಠ್ಯಪುಸ್ತಕವನ್ನು ಅವರು ಓದುವ ಬಗೆ ಹೇಗೆ? ಕಥೆ ಕಾದಂಬರಿಗಳು ತಟ್ಟೆಗಳಲ್ಲಿ ಸಿಕ್ಕುತ್ತಿದ್ದುವು, ಪಠ್ಯಗ್ರಂಥಗಳು ಸಿಕ್ಕುತ್ತಿರಲಿಲ್ಲ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ಇಂಥ ಸೈನಿಕರಿಂದ ಕಾಗದಗಳು ಬರತೊಡಗಿದಾಗ, ಗ್ರಂಥಾಲಯದ ಮಹಿಳಾ ಸಹಾಯಕ ಮಂಡಲಿಯ ಸದಸ್ಯೆ ಆನ್ ಮ್ಯಾಕ್‌ಡೊನಾಲ್ಡ್ ಎಂಬಾಕೆ 1948ರಲ್ಲಿ ಈ ಕೆಲಸವನ್ನು ತಾನೇ ಕೈಗೆತ್ತಿಕೊಂಡು, ಗ್ರಂಥಾಲಯದ ಅಟ್ಟದ ಕೋಣೆಯನ್ನೇ ಧ್ವನಿಮುದ್ರಣಶಾಲೆಯಾಗಿ ಮಾರ್ಪಡಿಸಿದಳು. ಅವಳು ಬಳಸಿದ ಸೌಂಡ್‌ಸ್ಕ್ರೈಬರ್ ಎಂಬ ಉಪಕರಣವು ಕಛೇರಿಗಳಲ್ಲಿ ಅಧಿಕಾರಿಗಳು ಕಾಗದಪತ್ರಗಳ ಒಕ್ಕಣೆಯನ್ನು ಹೇಳಿ ಬರೆಯಿಸುವುದಕ್ಕಾಗಿ ತಯಾರಾದದ್ದು. ಅದರ ವಿನೈಲ್ ತಟ್ಟೆಯ ವ್ಯಾಸ ಆರು ಅಂಗುಲ. ಒಂದೊಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದ ಮಾತು ಹನ್ನೆರಡು ನಿಮಿಷಗಳಷ್ಟು. ದಪ್ಪನಾದ ಪಠ್ಯಗ್ರಂಥವೊಂದನ್ನು ಹನ್ನೆರಡು ಹನ್ನೆರಡು ನಿಮಿಷಗಳ ತುಂಡುಗಳಾಗಿ ಓದಿ, ತಟ್ಟೆಯನ್ನು ಮಗುಚಿ, ಮತ್ತೆ ಓದಿ, ಚಿತ್ರವಿರುವಲ್ಲಿ ಚಿತ್ರವನ್ನು ವರ್ಣಿಸಿ, ಕೋಷ್ಟಕವಿರುವಲ್ಲಿ ಸಾಲುಸಾಲಾಗಿ ಅಂಕಿಗಳನ್ನು ಹೇಳುವ ಕಾರ್ಯದ ಶ್ರಮವನ್ನು ಊಹಿಸಿಕೊಳ್ಳಬೇಕು. ಅದನ್ನು ವೇತನವಿಲ್ಲದೆ ಮಾಡಿದವರು ಗೃಹಿಣಿಯರು, ನಿವೃತ್ತರು, ತಂತಮ್ಮ ವಿಷಯದಲ್ಲಿ ಪರಿಶ್ರಮವಿದ್ದ ನಾಗರಿಕರು. ಕೆಲವೇ ವರ್ಷಗಳಲ್ಲಿ ಇನ್ನೂ ಏಳು ನಗರಗಳಲ್ಲಿ ಇಂಥ ಮುದ್ರಣಶಾಲೆಗಳು ಏರ್ಪಟ್ಟುವು. ಆರ್ಟನ್ ತೀರಿಕೊಂಡದ್ದು ಇದೇ 1948ರಲ್ಲಿ. ಅವನ ಪಾಠಕ್ರಮದಲ್ಲಿ ಉಳಿದಿದ್ದ ಬರಿದಾದ ಸ್ಥಳವನ್ನು ತುಂಬಬಲ್ಲ ವಸ್ತುವೊಂದು ನ್ಯೂಯಾರ್ಕಿನ ಆ ಅಟ್ಟದ ಮೇಲೆ ತಯಾರಾಗುತ್ತಿದೆಯೆಂಬುದು ಅವನ ಶಿಷ್ಯರಿಗೂ ಹೊಳೆಯಲಿಲ್ಲ.

ಬಾಗಿಲು ತೆರೆದುದು ನಿಧಾನವಾಗಿ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯದ ಸೇವೆಯು 1931ರ ಕಾನೂನಿನ ಪ್ರಕಾರ ಅಂಧರಾದ ವಯಸ್ಕರಿಗೆ ಮಾತ್ರ ಮೀಸಲಾಗಿತ್ತು. 1952ರಲ್ಲಿ ಅಂಧ ಮಕ್ಕಳು ಒಳಸೇರಿದರು. 1966ರ ತಿದ್ದುಪಡಿಯು ಶಾರೀರಿಕ ಕಾರಣದಿಂದ ಮುದ್ರಿತ ಪುಸ್ತಕವನ್ನು ಓದಲಾರದ ಇತರರನ್ನೂ ಸೇರಿಸಿಕೊಂಡಿತು. ಈ ಕೊನೆಯ ಗುಂಪಿನಲ್ಲಿ ಡಿಸ್ಲೆಕ್ಸಿಯಾ ಉಳ್ಳ ಮಗುವಿಗೆ ಎಡೆ ದೊರೆಯಿತಾದರೂ, ಓದಿನ ತೊಡಕು ಅಂಗವ್ಯಾಪಾರದ ದೋಷದಿಂದಲೇ ಬಂದುದೆಂದು ವೈದ್ಯನೊಬ್ಬನು ಬರೆದುಕೊಡಬೇಕೆಂಬ ನಿಯಮವು ಅದರ ಬೆನ್ನಿಗೇ ಬಂದಿತು. ಮಗುವನ್ನು ದಿನವೂ ನೋಡುವ ಅಧ್ಯಾಪಕಿಯ ಮಾತು ಸಾಲದೆ, ವರ್ಷಕ್ಕೊಮ್ಮೆ ಜ್ವರಕ್ಕೆ ಮದ್ದು ಕೊಡುವ ವೈದ್ಯನ ಸಹಿಯೇ ಬೇಕಾದ ಈ ವ್ಯವಸ್ಥೆಯು 2021ರ ವರೆಗೂ ನಡೆಯಿತೆಂಬುದು ನನಗೆ ಅತ್ಯಂತ ವಿಷಾದದ ಸಂಗತಿಯಾಗಿ ಕಾಣುತ್ತದೆ. ಮ್ಯಾಕ್‌ಡೊನಾಲ್ಡಳ ಸಂಸ್ಥೆಯು ಹೆಚ್ಚು ಉದಾರವಾಗಿದ್ದಿತು. ಕಣ್ಣುಳ್ಳ ಓದುಗರು ಅಲ್ಲಿ ವರ್ಷವರ್ಷಕ್ಕೂ ಹೆಚ್ಚುತ್ತ ಹೋದರು. 1995ರಲ್ಲಿ ಅದು ತನ್ನ ಹೆಸರಿನಲ್ಲಿಯೇ ಅಂಧರ ಪಕ್ಕಕ್ಕೆ ಡಿಸ್ಲೆಕ್ಸಿಯಾ ಉಳ್ಳವರನ್ನೂ ಸೇರಿಸಿಕೊಂಡಿತು.

ಮನುಷ್ಯರು ಓದಿದ ಪುಸ್ತಕಕ್ಕೆ ಒಂದು ಮಿತಿಯಿದೆ: ಯಾರಾದರೊಬ್ಬರು ಮೊದಲೇ ಓದಿಟ್ಟಿದ್ದರೆ ಮಾತ್ರ ಅದು ಉಂಟು. ನಾಳೆಯ ಪಾಠಕ್ಕೆ ಅಧ್ಯಾಪಕರು ಇಂದು ಕೊಟ್ಟ ಹಾಳೆಯನ್ನು ಓದುವವರಾರು? ಈ ಪ್ರಶ್ನೆಗೆ ಉತ್ತರವೂ ಅಂಧರ ಮನೆಯಿಂದಲೇ ಬಂದಿತು. ಯಾವ ಅಚ್ಚಿನ ಮೊಳೆಯಲ್ಲಿ ಮುದ್ರಿಸಿದ್ದರೂ ಅಕ್ಷರವನ್ನು ಗುರುತಿಸಬಲ್ಲ ಕ್ರಮವೊಂದನ್ನು ಕಂಡುಹಿಡಿದಿದ್ದ ರೇ ಕುರ್ಜ್‌ವೈಲ್ ಎಂಬ ತರುಣನು ವಿಮಾನದಲ್ಲಿ ಪಕ್ಕದಲ್ಲಿ ಕುಳಿತಿದ್ದ ಅಂಧನೊಬ್ಬನ ಮಾತಿನಿಂದ ಪ್ರೇರಿತನಾಗಿ, ಅಮೆರಿಕದ ಅಂಧರ ರಾಷ್ಟ್ರೀಯ ಒಕ್ಕೂಟದ ನೆರವಿನಿಂದ, 1976ರ ಜನವರಿ 13ರಂದು ಓದುವ ಯಂತ್ರವನ್ನು ಲೋಕದ ಮುಂದಿಟ್ಟನು. ಪುಟವನ್ನು ಗಾಜಿನ ಮೇಲೆ ಬೋರಲಾಗಿ ಇಟ್ಟೊಡನೆ ಒಳಗಿನ ಕಣ್ಣು ಸಾಲಿನಿಂದ ಸಾಲಿಗೆ ಹರಿಯುತ್ತಿದ್ದಿತು. ಕಂಡ ಅಕ್ಷರಗಳನ್ನು ಗಣಕವು ಧ್ವನಿಗಳಾಗಿ ಮಾರ್ಪಡಿಸಿ, ಒರಟಾದ, ಏರಿಳಿತವಿಲ್ಲದ, ಆದರೆ ಅಭ್ಯಾಸವಾದರೆ ತಿಳಿಯುವ ಕಂಠದಲ್ಲಿ ನುಡಿಯುತ್ತಿದ್ದಿತು. ಅದರ ಬೆಲೆ ಹತ್ತಾರು ಸಾವಿರ ಡಾಲರುಗಳು. ಗಾತ್ರದಲ್ಲಿ ಮೇಜನ್ನೇ ಆಕ್ರಮಿಸುವಂಥದು. ಮರುದಶಕದಲ್ಲಿ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದ ಡೆನ್ನಿಸ್ ಕ್ಲ್ಯಾಟ್ ತನ್ನ ಸಂಶೋಧನೆಗಳಿಂದ ಆ ಕಂಠಕ್ಕೆ ಮನುಷ್ಯತ್ವದ ಛಾಯೆಯನ್ನು ತಂದನು. ಆ ಕಾರ್ಯದ ಫಲವಾಗಿ 1984ರ ಸುಮಾರಿಗೆ ಬಂದ ಡೆಕ್‌ಟಾಕ್ ಎಂಬ ಪೆಟ್ಟಿಗೆಯು ಸಾಧಾರಣ ಕಂಪ್ಯೂಟರಿಗೆ ನಾಲಗೆಯನ್ನು ಒದಗಿಸಿತು.

ಈ ನಾಲಗೆಯನ್ನು ಪದಾಂಧನಾದ ಮಗುವಿಗೆಂದೇ ಶಾಲೆಯೊಳಕ್ಕೆ ತಂದವರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದ ರಿಚರ್ಡ್ ಓಲ್ಸನ್ ಮತ್ತು ಬಾರ್ಬರಾ ವೈಸ್ ಇವರಿಬ್ಬರನ್ನು ವಿಶೇಷವಾಗಿ ಸ್ಮರಿಸಬೇಕು. 1980ರ ದಶಕದ ಉತ್ತರಾರ್ಧದಲ್ಲಿ ಬೌಲ್ಡರ್ ನಗರದ ಶಾಲೆಗಳಲ್ಲಿ ಅವರು ನಡೆಸಿದ ಪ್ರಯೋಗದಲ್ಲಿ, ಮಗುವು ಕಂಪ್ಯೂಟರಿನ ಪರದೆಯ ಮೇಲೆ ಕಥೆಯೊಂದನ್ನು ತಾನೇ ಓದಿಕೊಳ್ಳುತ್ತಿದ್ದಿತು. ತೊಡಕಿನ ಪದವು ಎದುರಾದಾಗ ಮೌಸಿನಿಂದ ಅದನ್ನು ಮುಟ್ಟಿದರೆ, ಪದವು ಬೆಳಗಿ, ಡೆಕ್‌ಟಾಕ್ ಅದನ್ನು ಉಚ್ಚರಿಸುತ್ತಿದ್ದಿತು. ಕೆಲವು ಮಕ್ಕಳಿಗೆ ಇಡಿಯ ಪದವನ್ನು ಒಂದೇ ಉಸಿರಿನಲ್ಲಿಯೂ, ಕೆಲವರಿಗೆ ತುಂಡುತುಂಡಾಗಿಯೂ. ಅದೇ ಅವಧಿಯಲ್ಲಿ ಎಂದಿನ ಪರಿಹಾರಬೋಧನೆಯಲ್ಲಿಯೇ ಮುಂದುವರಿದವರಿಗಿಂತ ಈ ಮಕ್ಕಳು ಪದಗಳನ್ನು ಗುರುತಿಸುವುದರಲ್ಲಿ ಹೆಚ್ಚು ಮುನ್ನಡೆದರು. ಅಂಧನಿಗೆ ಯಂತ್ರವು ಪುಟಕ್ಕೆ ಬದಲಾಗಿ ಒದಗುವ ವಸ್ತು. ಕಣ್ಣುಳ್ಳ ಈ ಮಗುವಿಗಾದರೋ ಪುಟವು ಎದುರಿಗೇ ಇರುತ್ತದೆ, ಧ್ವನಿಯು ಅದರ ಮೇಲೆ ಬೆಳಕು ಚೆಲ್ಲಬೇಕು. ಇಷ್ಟು ಸಣ್ಣ ವ್ಯತ್ಯಾಸವನ್ನು ಕಂಡುಕೊಂಡದ್ದರಿಂದಲೇ ಎರವಲು ತಂದ ಸಾಧನವು ಈ ಮಗುವಿನ ಸ್ವಂತದ್ದಾಯಿತೆಂದು ನಾನು ತಿಳಿದಿದ್ದೇನೆ. 1996ರಲ್ಲಿ ಕುರ್ಜ್‌ವೈಲ್ ಆರಂಭಿಸಿದ ಶೈಕ್ಷಣಿಕ ಸಂಸ್ಥೆಯು ಹೊರತಂದ ತಂತ್ರಾಂಶವು ಮುದ್ರಿತ ಪುಟದ ಚಿತ್ರವನ್ನೇ ಪರದೆಯ ಮೇಲೆ ಇರಿಸಿ, ನುಡಿಯುತ್ತಿರುವ ಪದಕ್ಕೆ ಒಂದು ಬಣ್ಣವನ್ನೂ ವಾಕ್ಯಕ್ಕೆ ಇನ್ನೊಂದು ಬಣ್ಣವನ್ನೂ ಕೊಟ್ಟು ಈ ತತ್ತ್ವವನ್ನೇ ಅನುಸರಿಸಿತು.

ಈ ನಡುವೆ ಬಂದ ಇತರ ವಸ್ತುಗಳನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. 1978ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಹೊರತಂದ ಸ್ಪೀಕ್ ಅಂಡ್ ಸ್ಪೆಲ್ ಎಂಬ ಆಟಿಕೆಯು ಪದವನ್ನು ನುಡಿದು ಅಕ್ಷರಗಳನ್ನು ಒತ್ತಿಸುತ್ತಿದ್ದಿತು. ಬಳಿಕ ಬರೆಹಕ್ಕೆ ನೆರವಾಗುವ ಪದಸೂಚಕಗಳೂ, ಮಾತನ್ನು ಕೇಳಿ ಬರೆದುಕೊಳ್ಳುವ ತಂತ್ರಾಂಶಗಳೂ, ಸಾಲಿನ ಮೇಲೆ ಎಳೆದರೆ ಓದುವ ಲೇಖನಿಗಳೂ ಬಂದುವು. ಬಣ್ಣದ ಪಾರದರ್ಶಕ ಹಾಳೆಗಳನ್ನೂ ವಿಶೇಷ ಅಕ್ಷರವಿನ್ಯಾಸಗಳನ್ನೂ ಕೆಲವರು ಬಹಳ ಉತ್ಸಾಹದಿಂದ ಪ್ರಚಾರ ಮಾಡಿದರು. ಪರೀಕ್ಷೆಗೆ ಒಳಪಡಿಸಿದಾಗ ಅವು ಹೇಳಿಕೊಂಡಷ್ಟು ಗುಣವನ್ನು ತೋರಲಿಲ್ಲ. ತೊಡಕು ಕಣ್ಣಿನಲ್ಲಿರದೆ ಅಕ್ಷರವನ್ನೂ ಧ್ವನಿಯನ್ನೂ ಕೂಡಿಸುವ ಮನೋವ್ಯಾಪಾರದಲ್ಲಿ ಇರುವಾಗ ಬಣ್ಣದಿಂದ ಅದು ನೀಗುವುದೆಂದು ನಂಬಿದ ತಾಯಿತಂದೆಗಳ ದುಃಖವನ್ನು ನೆನೆದರೆ ಮನಸ್ಸು ನೋಯುತ್ತದೆ. ಅಮೆರಿಕದಲ್ಲಿ 1975ರ ಶಿಕ್ಷಣ ಕಾನೂನು ಡಿಸ್ಲೆಕ್ಸಿಯಾದ ಹೆಸರನ್ನು ಹಿಡಿದೇ ಹೇಳಿ ಇಂಥ ಮಕ್ಕಳ ಹಕ್ಕನ್ನು ಒಪ್ಪಿತು. 1997ರ ತಿದ್ದುಪಡಿಯು ಒಬ್ಬೊಬ್ಬ ಮಗುವಿನ ವಿಷಯದಲ್ಲಿಯೂ ಸಹಾಯಕ ಸಾಧನವು ಬೇಕೇ ಎಂಬುದನ್ನು ಶಾಲೆಯು ಪರಿಶೀಲಿಸಲೇಬೇಕೆಂದಿತು. 2004ರ ತಿದ್ದುಪಡಿಯು ಪಠ್ಯಪುಸ್ತಕಗಳ ಪ್ರಕಾಶಕರಿಂದ, ಯಂತ್ರವು ಓದಬಲ್ಲ ನಿಯತ ರೂಪದ ಕಡತವನ್ನು ಪಡೆಯುವ ಏರ್ಪಾಟನ್ನು ಮಾಡಿತು. ನನ್ನ ಎಣಿಕೆಯಲ್ಲಿ ಈ ಮೂರರಲ್ಲಿ ಕೊನೆಯದೇ ಹೆಚ್ಚಿನದು; ಹಕ್ಕು ಕಾಗದದಲ್ಲಿದ್ದು ಪುಸ್ತಕವು ಮಗುವಿನ ಕೈಸೇರದಿದ್ದರೆ ಪ್ರಯೋಜನವೇನು?

ಭಾರತದಲ್ಲಿ 1995ರ ಅಂಗವಿಕಲರ ಅಧಿನಿಯಮವು ಈ ಮಕ್ಕಳನ್ನು ಹೆಸರಿಸಲಿಲ್ಲ. 2016ರ ಅಧಿನಿಯಮವು ಹೆಸರಿಸಿದ 21 ಬಗೆಯ ವೈಕಲ್ಯಗಳಲ್ಲಿ ಕಲಿಕೆಯ ನಿರ್ದಿಷ್ಟ ನ್ಯೂನತೆಯೂ ಸೇರಿತು. ಆದರೆ ಮುದ್ರಣವನ್ನು ಓದಲಾರದವರಿಗೆ ಪುಸ್ತಕದ ರೂಪಾಂತರವನ್ನು ಒದಗಿಸುವ ಮಾರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲಿಯೇ ಮೊದಲು ಸ್ಥಿರೀಕರಿಸಿದ ದೇಶವು ನಮ್ಮದೇ. ಈ ಮಕ್ಕಳಿಗಾಗಿ ನಡೆದ ಕೆಲಸದಲ್ಲಿ ಕರ್ನಾಟಕದ ಪಾಲೂ ಅಲ್ಪವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ರೂಪುಗೊಂಡ ಪರೀಕ್ಷಾಕ್ರಮವು ದೇಶದ ಅನೇಕ ಕಡೆ ಬಳಕೆಗೆ ಬಂದಿದೆ. ಬೆಂಗಳೂರಿನಲ್ಲಿದ್ದು ಕನ್ನಡ ಮಕ್ಕಳ ಓದನ್ನು ಅಭ್ಯಸಿಸಿದ ಸೊನಾಲಿ ನಾಗ್ ಅವರು, ನಮ್ಮ ಮಕ್ಕಳು ಅಕ್ಷರಗಳ ಪೂರ್ಣ ಪರಿಚಯವನ್ನು ಪಡೆಯಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳನ್ನೇ ವ್ಯಯಿಸುವರೆಂಬುದನ್ನು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದರು. ಕನ್ನಡದಲ್ಲಿ ಬರೆದಂತೆ ಓದುತ್ತೇವಾದುದರಿಂದ ಇಲ್ಲಿ ಇಂಥ ತೊಡಕಿಲ್ಲವೆಂದು ಹೇಳುವವರು ಕಾಗುಣಿತ ಒತ್ತಕ್ಷರಗಳ ವಿಸ್ತಾರವನ್ನು ಮರೆತಿರುತ್ತಾರೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಮಗುವಿನ ಕಣ್ಣು ಮೇಲೆ ಗುಡಿಸನ್ನೂ, ಕೆಳಗೆ ಎರಡು ಒತ್ತುಗಳನ್ನೂ, ಬಲಕ್ಕೆ ದೀರ್ಘವನ್ನೂ ನೋಡಿ ಒಂದೇ ಉಚ್ಚಾರಕ್ಕೆ ಕೂಡಿಸಬೇಕು. ‘ಕರ್ಣ’ ಎಂಬಲ್ಲಿ ಅರ್ಕಾವೊತ್ತು ಣಕಾರದ ಮುಂದೆ ಕುಳಿತಿದ್ದರೂ ಅದಕ್ಕಿಂತ ಮೊದಲು ನುಡಿಯಬೇಕು. ಮಗುವಿಗೆ ಕಷ್ಟವಾದ ಈ ರಚನೆಯು ಯಂತ್ರಕ್ಕೂ ಕಷ್ಟವೇ. ಭಾರತೀಯ ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಶಾಲೆಯಲ್ಲಿ ಅಚ್ಚಾದ ಕನ್ನಡವನ್ನು ಗುರುತಿಸುವ ಲಿಪಿ ಜ್ಞಾನಿಯೂ, ಅದನ್ನು ನುಡಿಯುವ ಮಧುರ ವಾಚಕವೂ ಸಿದ್ಧವಾದುವು. ಇಲ್ಲಿಯೂ ಅಂಧರ ಪುಸ್ತಕಗಳ ನಿರ್ಮಾಣಕ್ಕೆ ಇಂಥ ಸಾಧನಗಳು ನೆರವಾದುವು.

ಈಗ ಕನ್ನಡವನ್ನು ನುಡಿಯುವ ಕಂಠವು ಸಾಮಾನ್ಯ ಮೊಬೈಲಿನಲ್ಲಿಯೂ ಉಂಟು. ಪರೀಕ್ಷೆಯ ದಿನದಂದು ಓದಿ ಹೇಳುವವರನ್ನೂ ಬರೆದುಕೊಡುವವರನ್ನೂ ಒದಗಿಸುವ ನಿಯಮಗಳೂ ಉಂಟು. ಆದರೆ ಪರೀಕ್ಷೆಯ ಮೂರು ಗಂಟೆಗಳಿಗೆ ದೊರೆಯುವ ಆ ಧ್ವನಿಯು ವರ್ಷದ ಉಳಿದ ದಿನಗಳಲ್ಲಿ, ಪಾಠವನ್ನು ಕಲಿಯಬೇಕಾದಾಗ, ಮಗುವಿಗೆ ದೊರೆಯಬೇಡವೆ? ಇದಕ್ಕೆ ಅಡ್ಡವಾಗಿರುವ ಸಂಗತಿಗಳಲ್ಲೊಂದು ತೀರ ಸಾಮಾನ್ಯವಾದುದು. ಯೂನಿಕೋಡ್ ಬಳಕೆಗೆ ಬರುವ ಮುನ್ನಿನ ಅಕ್ಷರಶೈಲಿಗಳಲ್ಲಿ ಅಚ್ಚಿಗೆ ಸಜ್ಜಾದ ಕನ್ನಡ ಪುಸ್ತಕದ ಕಡತವು ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ, ಯಂತ್ರದ ಪಾಲಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ನುಡಿಯೆಂದರೆ ಅದು ಆ ಅಕ್ಷರಗಳನ್ನೇ ಒದರುತ್ತದೆ. ಪ್ರತಿಯೊಂದು ತರಗತಿಯ ಕನ್ನಡ ಪಠ್ಯಪುಸ್ತಕವೂ ಮುದ್ರಿತ ಪ್ರತಿಯೊಡನೆಯೇ ಯೂನಿಕೋಡಿನಲ್ಲಿ, ಪದಪದವೂ ಬೆಳಗಿ ನುಡಿಯುವಂತೆ ಶಾಲೆಗೆ ಬರಬೇಕೆಂದು ಕೇಳುವುದಕ್ಕೆ 2016ರ ಅಧಿನಿಯಮವು ಆಧಾರವನ್ನು ಒದಗಿಸಿದೆ. ಆ ಬೇಡಿಕೆಯನ್ನು ಮುಂದಿಡಬೇಕಾದವರು ತಾಯಿತಂದೆಗಳೊಡನೆ ನಮ್ಮ ಅಧ್ಯಾಪಕವೃಂದದವರು.